ಸ್ಟ್ಯಾಂಡ್ ಮೇಲಿನ ಕ್ಯಾಮೆರಾ, ತೆರೆದಿಟ್ಟ ಬಾಗಿಲು: ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ಮತ್ತೆ ನೋಡಿದಾಗ

ನಾನು ಶಿವಮೊಗ್ಗದಲ್ಲಿ ಮದುವೆ ವಿಡಿಯೊ ತೆಗೆಯುವವನು. ಹದಿನೇಳು ವರ್ಷದಿಂದ ಇದೇ ಕೆಲಸ. ಶುರು ಮಾಡಿದ ಎರಡನೇ ವರ್ಷ ತೀರ್ಥಹಳ್ಳಿ ಕಡೆಯ ಒಂದು ಛತ್ರದಲ್ಲಿ ರಾತ್ರಿ ರಿಸೆಪ್ಷನ್ ಮುಗಿಸಿ ಊಟಕ್ಕೆ ಕೂತೆ. ಸ್ಟ್ಯಾಂಡ್ ಮೇಲಿದ್ದ ಕ್ಯಾಮೆರಾ ಆಫ್ ಮಾಡಿದ್ದೇನೆ ಅಂದುಕೊಂಡಿದ್ದೆ. ಅದು ಓಡುತ್ತಲೇ ಇತ್ತು.

ವಾರ ಕಳೆದು ಎಡಿಟಿಂಗಿಗೆ ಕೂತಾಗ ಗೊತ್ತಾಯಿತು. ಟೇಪಿನ ಕೊನೆಗೆ ಇಪ್ಪತ್ತು ನಿಮಿಷ ಬರೀ ಖಾಲಿ ಛತ್ರ. ಅಡ್ಡಾದಿಡ್ಡಿ ಬಿದ್ದ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಕಡೆ ಜಾರಿ ನೇತಾಡುತ್ತಿದ್ದ ಸೇವಂತಿಗೆ ಮಾಲೆ, ಬಲಗಡೆ ಅಡುಗೆಮನೆಗೆ ಹೋಗುವ ಬಾಗಿಲು. ಬಾಗಿಲು ಅರ್ಧ ತೆರೆದಿತ್ತು. ಆ ಭಾಗ ಕತ್ತರಿಸಿ ಮುಂದೆ ಹೋಗಬೇಕಿತ್ತು, ಕೈ ಬರಲಿಲ್ಲ. ರಾತ್ರಿ ಒಂದು ಗಂಟೆಯಲ್ಲಿ ಒಬ್ಬನೇ ಕೂತು ಆ ಬಾಗಿಲನ್ನೇ ನೋಡಿದೆ. ಯಾರೋ ಬರುತ್ತಾರೆ ಅನ್ನಿಸುತ್ತಲೇ ಇತ್ತು. ಕೊನೆಗೆ ಪೊರಕೆ ಹಿಡಿದ ಒಬ್ಬ ಹೆಂಗಸು ಕಸ ಗುಡಿಸಲು ಬಂದರು. ನನ್ನ ಎದೆ ಧಸಕ್ಕೆಂದಿತು.

ಅದು ಯಾಕೆ ಹಾಗಾಯಿತು ಅಂತ ನನಗೆ ತಿಳಿದದ್ದು ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ನೋಡಿದ ಮೇಲೆ. ಹಳೇ ಸಿನಿಮಾ. ಮೊದಲ ಸಲ ಗೆಳೆಯನ ಲ್ಯಾಪ್‌ಟಾಪಿನಲ್ಲಿ ನೋಡಿದ್ದೆ. ಹೋದ ತಿಂಗಳು ಮತ್ತೆ ಎರಡು ಸಲ ನೋಡಿದೆ. ಒಮ್ಮೆ ಎಡಿಟಿಂಗ್ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ, ಇನ್ನೊಮ್ಮೆ ಹೆಂಡತಿಯ ಜೊತೆ ಮನೆಯ ಟಿವಿಯಲ್ಲಿ. ಕಾರಣ ಇದೆ, ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ದುಡ್ಡಿನ ಲೆಕ್ಕ. ಈ ಸಿನಿಮಾದ ಚಿತ್ರೀಕರಣಕ್ಕೆ ಆದ ಖರ್ಚು ಸುಮಾರು 15,000 ಡಾಲರ್. 2006ರಲ್ಲಿ ಡಾಲರಿಗೆ ಹೆಚ್ಚುಕಡಿಮೆ 45 ರೂಪಾಯಿ ಇತ್ತು. ಅಂದರೆ ಏಳು ಲಕ್ಷದ ಒಳಗೆ. ಇವತ್ತು ಬೆಂಗಳೂರಿನ ದೊಡ್ಡ ಮದುವೆಯೊಂದಕ್ಕೆ ಫೋಟೊ, ವಿಡಿಯೊ, ಡ್ರೋನ್ ಎಲ್ಲ ಸೇರಿಸಿ ಇಷ್ಟು ಕೊಡುವವರು ಇದ್ದಾರೆ. ಮಾಡಿದವರು ಓರೆನ್ ಪೆಲಿ. ಸಾಫ್ಟ್‌ವೇರ್ ಕೆಲಸದಲ್ಲಿದ್ದವರು, ಅದಕ್ಕೂ ಮುಂಚೆ ಒಂದೂ ಸಿನಿಮಾ ಮಾಡಿದವರಲ್ಲ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ತಮ್ಮ ಸ್ವಂತ ಮನೆಯಲ್ಲೇ ಏಳು ದಿನದಲ್ಲಿ ಚಿತ್ರೀಕರಣ ಮುಗಿಸಿದರು. ಮುಖ್ಯ ಪಾತ್ರ ಮಾಡಿದ ಕೇಟಿ ಫೆದರ್‌ಸ್ಟನ್ ಮತ್ತು ಮೈಕಾ ಸ್ಲೋಟ್ ಇಬ್ಬರಿಗೂ ಮೊದಲು ಸಿಕ್ಕಿದ್ದು ತಲಾ 500 ಡಾಲರ್. ಆಗಿನ ಇಪ್ಪತ್ತೆರಡು ಸಾವಿರ ರೂಪಾಯಿ ಚಿಲ್ಲರೆ. 2007ರಲ್ಲಿ ಚಿತ್ರೋತ್ಸವದಲ್ಲಿ ತೋರಿಸಿದ ಈ ಸಿನಿಮಾ, ದೊಡ್ಡ ಸ್ಟುಡಿಯೊ ಕೈಗೆ ಹೋಗಿ 2009ರಲ್ಲಿ ಥಿಯೇಟರಿಗೆ ಬಂತು. ಜಗತ್ತಿನಾದ್ಯಂತ 19 ಕೋಟಿ ಡಾಲರಿಗೂ ಜಾಸ್ತಿ ಗಳಿಸಿತು.

ಈ ಲೆಕ್ಕ ಕೇಳಿ ಹುಡುಗರು ಕುಣಿಯುತ್ತಾರೆ. ಅವರಿಗೆ ನಾನು ಇನ್ನೊಂದು ಮಾತು ಹೇಳುತ್ತೇನೆ. ಏಳು ದಿನದ ಹಿಂದೆ ಸುಮಾರು ಒಂದು ವರ್ಷದ ತಯಾರಿ ಇತ್ತು. ಗೋಡೆಗೆ ಹೊಸ ಬಣ್ಣ ಹೊಡೆಸಿ, ಪೀಠೋಪಕರಣ ತಂದು, ಆ ಮನೆಯನ್ನು ಕ್ಯಾಮೆರಾಕ್ಕೆ ಹೊಂದಿಸಿಕೊಂಡಿದ್ದರು. ಆಮೇಲೆ ಸ್ಟುಡಿಯೊ ಪ್ರಚಾರಕ್ಕೆ ಸುರಿದ ದುಡ್ಡು ಬೇರೆ. ಕಡಿಮೆ ದುಡ್ಡು ಅಂದರೆ ಕಡಿಮೆ ಕೆಲಸ ಅಂತ ಅಲ್ಲ.

ಕಥೆ ಇಷ್ಟೇ. ಕೇಟಿ ಮತ್ತು ಮೈಕಾ ಮದುವೆಯಾಗದೆ ಒಂದೇ ಮನೆಯಲ್ಲಿರುವ ಜೋಡಿ. ಕೇಟಿಗೆ ಎಂಟು ವರ್ಷದ ವಯಸ್ಸಿನಿಂದ ಯಾವುದೋ ಒಂದು ಶಕ್ತಿ ಬೆನ್ನು ಹತ್ತಿದೆ. ರಾತ್ರಿ ಸದ್ದು ಕೇಳುತ್ತದೆ. ಮೈಕಾ ಅದನ್ನು ಹಿಡಿದು ತೋರಿಸುತ್ತೇನೆ ಅಂತ ಒಂದು ಒಳ್ಳೆಯ ಕ್ಯಾಮೆರಾ ತಂದು ಮಲಗುವ ಕೋಣೆಯಲ್ಲಿ ಸ್ಟ್ಯಾಂಡ್ ಮೇಲೆ ಇಡುತ್ತಾನೆ. ನಾವು ನೋಡುವುದೆಲ್ಲ ಆ ಕ್ಯಾಮೆರಾ ಕಂಡದ್ದು. 86 ನಿಮಿಷದ ಸಿನಿಮಾ. ಮನೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ ಅಂದರೂ ಸರಿ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಆ ಮಲಗುವ ಕೋಣೆಯ ಫ್ರೇಮ್.

ಬಲಗಡೆ ಮಂಚ. ಎಡಗಡೆ ತೆರೆದ ಬಾಗಿಲು. ಬಾಗಿಲಿನ ಆಚೆ ಕತ್ತಲೆಯ ಪಡಸಾಲೆ. ಕೆಳಗಿನ ಮೂಲೆಯಲ್ಲಿ ಗಂಟೆ, ನಿಮಿಷ ಓಡುತ್ತಿರುತ್ತದೆ. ಬಣ್ಣ ಎಲ್ಲ ಸೋರಿಹೋದಂಥ ನೀಲಿ ಬೆಳಕು. ಕ್ಯಾಮೆರಾ ಅಲ್ಲಾಡುವುದಿಲ್ಲ. ಹತ್ತಿರ ಹೋಗುವುದಿಲ್ಲ. ಯಾರೂ ನಮಗೆ ‘ಇಲ್ಲಿ ನೋಡು’ ಅಂತ ತೋರಿಸುವುದಿಲ್ಲ.

ನಮ್ಮ ಕೆಲಸದಲ್ಲಿ ಮೊದಲು ಕಲಿಸುವುದೇ ನೋಡುವವರ ಕಣ್ಣನ್ನು ಎಳೆದುಕೊಂಡು ಹೋಗುವುದನ್ನು. ತಾಳಿ ಕಟ್ಟುವಾಗ ಕೈ ಹತ್ತಿರ ಹೋಗು, ಆಮೇಲೆ ತಾಯಿಯ ಕಣ್ಣು, ಆಮೇಲೆ ಅಕ್ಷತೆ ಹಾಕುವ ಜನ. ಈ ಸಿನಿಮಾ ಆ ಕೆಲಸ ಮಾಡುವುದೇ ಇಲ್ಲ. ಹಾಗಾಗಿ ಹುಡುಕುವ ಕೆಲಸ ನಮ್ಮ ಮೇಲೆ ಬೀಳುತ್ತದೆ. ಬಾಗಿಲು ನೋಡುತ್ತೇವೆ. ಮಂಚದ ಕೆಳಗೆ ನೋಡುತ್ತೇವೆ. ಹೊದಿಕೆ ಅಲ್ಲಾಡಿತಾ? ನೆರಳು ಮೊದಲು ಅಲ್ಲೇ ಇತ್ತಾ? ಹುಡುಕುತ್ತಾ ಹುಡುಕುತ್ತಾ ನಾವೇ ಹೆದರಿಕೊಳ್ಳುತ್ತೇವೆ. ಛತ್ರದ ಆ ಟೇಪಿನಲ್ಲಿ ನನಗೆ ಆದದ್ದೂ ಇದೇ.

ಮೊದಲು ಅಲ್ಲಾಡುವುದು ಆ ಬಾಗಿಲು. ಒಂದಿಷ್ಟೇ ಇಷ್ಟು ಸರಿದು, ಮತ್ತೆ ವಾಪಸು. ಅಷ್ಟೇ. ಬಾಗಿಲಿಗೆ ದಾರ ಕಟ್ಟಿ ಎಳೆದರೂ ಸಾಕು, ಹತ್ತು ರೂಪಾಯಿಯ ಖರ್ಚು. ಆದರೆ ಅದಕ್ಕೂ ಮುಂಚೆ ನಮ್ಮನ್ನು ಎಷ್ಟು ಹೊತ್ತು ಕಾಯಿಸಿರುತ್ತಾರೆ ಅಂದರೆ, ಆ ಇಷ್ಟು ಸರಿದದ್ದಕ್ಕೇ ಬೆನ್ನು ತಣ್ಣಗಾಗುತ್ತದೆ.

ಇನ್ನೊಂದು ಉಪಾಯ ಆ ಗಡಿಯಾರ. ರಾತ್ರಿಯ ದೃಶ್ಯಗಳನ್ನು ವೇಗವಾಗಿ ಓಡಿಸುತ್ತಾರೆ. ನಿಮಿಷಗಳು ಸರಸರ ಸರಿಯುತ್ತವೆ, ಮಲಗಿದವರು ಮಗ್ಗುಲು ಬದಲಿಸುತ್ತಾರೆ. ಆಮೇಲೆ ಥಟ್ಟನೆ ವೇಗ ಇಳಿದು ಸೆಕೆಂಡುಗಳು ಒಂದೊಂದಾಗಿ ಎಣಿಸತೊಡಗುತ್ತವೆ. ಆಗ ಗೊತ್ತಾಗುತ್ತದೆ, ಏನೋ ಬರುತ್ತಿದೆ. ಎರಡನೇ ರಾತ್ರಿ ಹೊತ್ತಿಗೆ ನಮಗೇ ಗೊತ್ತಿಲ್ಲದೆ ಆ ಗಡಿಯಾರವನ್ನು ಓದುವುದು ಕಲಿತಿರುತ್ತೇವೆ. ನನ್ನ ಹೆಂಡತಿ ಗಡಿಯಾರ ನಿಧಾನವಾದ ಕೂಡಲೇ ದಿಂಬು ಮುಖಕ್ಕೆ ಹಿಡಿಯುತ್ತಿದ್ದಳು. ಪರದೆಯಲ್ಲಿ ಇನ್ನೂ ಏನೂ ಆಗಿರಲಿಲ್ಲ.

ಒಂದು ರಾತ್ರಿ ಕೇಟಿ ನಿದ್ದೆಯಲ್ಲೇ ಎದ್ದು, ಮಂಚದ ಪಕ್ಕ ನಿಂತು, ಮಲಗಿರುವ ಮೈಕಾನನ್ನೇ ನೋಡುತ್ತಾಳೆ. ಗಡಿಯಾರ ಓಡುತ್ತದೆ. ಗಂಟೆ ದಾಟುತ್ತದೆ. ಅವಳು ನಿಂತೇ ಇದ್ದಾಳೆ. ರಕ್ತ ಇಲ್ಲ, ಕಿರುಚಾಟ ಇಲ್ಲ, ಮೇಕಪ್ ಇಲ್ಲ. ಒಬ್ಬ ಹೆಂಗಸು ಸುಮ್ನೆ ನಿಂತಿದ್ದಾಳೆ ಅಷ್ಟೇ. ನಾನು ನೋಡಿದ ಹೆದರಿಕೆಯ ದೃಶ್ಯಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡುತ್ತೇನೆ.

ಧ್ವನಿಯ ಬಗ್ಗೆಯೂ ಹೇಳಲೇಬೇಕು. ಸಿನಿಮಾದಲ್ಲಿ ಹಿನ್ನೆಲೆ ಸಂಗೀತ ಇಲ್ಲ. ಏನಾದರೂ ಆಗುವ ಮುಂಚೆ ತುಂಬಾ ಕೆಳಗಿನ ಸ್ವರದ ಒಂದು ಗುಂಯ್‌ಗುಡುವಿಕೆ ಬರುತ್ತದೆ. ದೂರದಲ್ಲಿ ಯಾವುದೋ ಲಾರಿ ಎಂಜಿನ್ ಓಡುತ್ತಿರುವ ಹಾಗೆ. ಹೆಡ್‌ಫೋನಿನಲ್ಲಿ ಕೇಳಿದಾಗ ಅದು ಕಿವಿಗಿಂತ ಎದೆಗೆ ಮೊದಲು ತಾಗಿತು. ಮೆಟ್ಟಿಲ ಮೇಲಿನ ಹೆಜ್ಜೆ ಸದ್ದು ಸಹ ಹಾಗೆಯೇ, ಹತ್ತಿ ಬರುವುದು ಲೆಕ್ಕಕ್ಕೆ ಸಿಗುತ್ತದೆ. ಟಿವಿಯ ಸ್ಪೀಕರಿನಲ್ಲಿ ಈ ಗುಂಯ್‌ಗುಡುವಿಕೆ ಅರ್ಧ ಸತ್ತುಹೋಯಿತು. ಮೊಬೈಲಿನಲ್ಲಿ ನೋಡುವವರಿಗೆ ಅದು ಕೇಳುವುದೇ ಇಲ್ಲ. ‘ಇದರಲ್ಲಿ ಏನಿದೆ, ಬೋರು’ ಅಂತ ನನಗೆ ಹೇಳಿದವರಲ್ಲಿ ಹೆಚ್ಚಿನವರು ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ನೋಡಿದವರು.

ಆದರೆ ಅದೇ ಸದ್ದು ಒಂದು ದೋಷ ಕೂಡ ಹೌದು. ಮೂರನೇ ಸಲ ಕೇಳುವಾಗ ಅದು ಗಂಟೆ ಬಾರಿಸಿ ಹೇಳಿದಂತೆ ಆಗುತ್ತದೆ. ಒಂದೆರಡು ರಾತ್ರಿ ಆ ಸದ್ದು ಬಂದು ಏನೂ ಆಗದೆ ಇದ್ದಿದ್ದರೆ, ಅಥವಾ ಸದ್ದೇ ಇಲ್ಲದೆ ಏನಾದರೂ ಆಗಿದ್ದರೆ, ನಮ್ಮ ಲೆಕ್ಕ ತಪ್ಪುತ್ತಿತ್ತು. ತಪ್ಪಿಸಬೇಕಿತ್ತು.

ಪೌಡರಿನ ದೃಶ್ಯ ಬಹಳ ಜನರಿಗೆ ನೆನಪಿರುತ್ತದೆ. ಮೈಕಾ ರಾತ್ರಿ ನೆಲದ ಮೇಲೆಲ್ಲ ಪೌಡರ್ ಚೆಲ್ಲಿಟ್ಟು ಮಲಗುತ್ತಾನೆ. ಬೆಳಗಾಗುವ ಮುಂಚೆಯೇ ಅದರ ಮೇಲೆ ಹೆಜ್ಜೆ. ಮನುಷ್ಯರದ್ದಲ್ಲ, ಮೂರು ಬೆರಳಿನದ್ದು. ದೆವ್ವದ ಪಾದ ಹಿಂದುಮುಂದಾಗಿ ಇರುತ್ತದೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಅದನ್ನು ಕೇಳಿ ಬೆಳೆದ ನನಗೆ ಆ ಹೆಜ್ಜೆ ಎತ್ತ ಹೋಗಿದೆ ಅಂತ ನೋಡುವುದೇ ಮೊದಲ ಕೆಲಸವಾಯಿತು. ಒಂದು ಡಬ್ಬಿ ಪೌಡರಿನಲ್ಲಿ ಇಷ್ಟು ಕೆಲಸ ತೆಗೆದವರನ್ನು ನಾನು ಗೌರವಿಸುತ್ತೇನೆ.

ಕೇಟಿಯ ನಟನೆ ಚೆನ್ನಾಗಿದೆ. ಪೂರ್ತಿ ಬರೆದ ಸಂಭಾಷಣೆ ಇಲ್ಲದೆ, ಸನ್ನಿವೇಶ ಮಾತ್ರ ತಿಳಿಸಿ ಅವರ ಬಾಯಿಂದಲೇ ಮಾತು ಬರಿಸಿದ್ದಾರೆ. ನಿದ್ದೆ ಕೆಟ್ಟವರ ಸಿಡುಕು, ಮಾತು ಅರ್ಧಕ್ಕೆ ನಿಲ್ಲುವುದು, ಇವೆಲ್ಲ ಅದರಿಂದ ಬಂದಿದೆ. ದಿನ ಕಳೆದಂತೆ ಅವಳ ಕಣ್ಣಿನ ಕೆಳಗೆ ಕಪ್ಪು ಜಾಸ್ತಿಯಾಗುತ್ತಾ ಹೋದ ಹಾಗೆ ನನಗೆ ಕಂಡಿತು.

ಕೊರತೆ ಶುರುವಾಗುವುದು ಹಗಲಿನಲ್ಲಿ.

ರಾತ್ರಿ ಸ್ಟ್ಯಾಂಡ್ ಮೇಲಿದ್ದ ಕ್ಯಾಮೆರಾವನ್ನು ಮೈಕಾ ಹಗಲು ಕೈಯಲ್ಲಿ ಹಿಡಿದು ಓಡಾಡುತ್ತಾನೆ. ಅಲ್ಲಿಗೆ ಹಿಡಿತ ಸಡಿಲವಾಗುತ್ತದೆ. ಚಿತ್ರ ಅಲ್ಲಾಡುತ್ತದೆ ಅಂತ ನನ್ನ ತಕರಾರಲ್ಲ. ಕೈ ಕ್ಯಾಮೆರಾ ನಮ್ಮ ಹೊಟ್ಟೆಪಾಡು. ಆದರೆ ಹಗಲಿನಲ್ಲಿ ನಡೆಯುವುದೆಲ್ಲ ಒಂದೇ ಜಗಳ. ಕ್ಯಾಮೆರಾ ಆಫ್ ಮಾಡು ಅಂತ ಅವಳು, ಮಾಡಲ್ಲ ಅಂತ ಅವನು. ಯಾರನ್ನಾದರೂ ಸಹಾಯಕ್ಕೆ ಕರೆಯೋಣ ಅಂತ ಅವಳು, ಬೇಡ ನಾನೇ ನೋಡಿಕೊಳ್ಳುತ್ತೇನೆ ಅಂತ ಅವನು. ನಡುವಿನ ಇಪ್ಪತ್ತು ನಿಮಿಷದಲ್ಲಿ ಇದನ್ನು ಎಷ್ಟು ಸಲ ಕೇಳುತ್ತೇವೆ! ಎಡಿಟಿಂಗ್ ನನ್ನ ಕೈಯಲ್ಲಿದ್ದರೆ ಅಲ್ಲಿ ಎಂಟು ನಿಮಿಷ ತೆಗೆಯುತ್ತಿದ್ದೆ.

ಮೈಕಾನ ಪಾತ್ರದ ಮೇಲೆ ನನಗೆ ಸಿಟ್ಟಿದೆ. ಅದು ಸಿನಿಮಾದ ಬಲವೋ ಕೊರತೆಯೋ ಅಂತ ತುಂಬಾ ಯೋಚಿಸಿದೆ. ಆ ಶಕ್ತಿಯನ್ನು ಮಾತಾಡಿಸಲು ಹೋಗಬೇಡಿ ಅಂತ ತಿಳಿದವರು ಸ್ಪಷ್ಟವಾಗಿ ಹೇಳಿರುತ್ತಾರೆ. ಆತ್ಮಗಳನ್ನು ಕರೆಯುವ ವೀಜಾ ಬೋರ್ಡ್ ಕೊಂಡು ತರುವುದಿಲ್ಲ ಅಂತ ಅವನು ಕೇಟಿಗೆ ಮಾತು ಕೊಟ್ಟಿರುತ್ತಾನೆ. ಆಮೇಲೆ ಯಾರ ಹತ್ತಿರವೋ ಎರವಲು ತರುತ್ತಾನೆ. ಕೊಂಡಿಲ್ಲವಲ್ಲ ಅನ್ನುತ್ತಾನೆ. ಹೀಗೆ ಮಾತಿನಲ್ಲಿ ನುಣುಚಿಕೊಳ್ಳುವ ಗಂಡಸರನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಅಲ್ಲಿ ಪಾತ್ರ ನಿಜ ಅನ್ನಿಸುತ್ತದೆ. ಕೇಟಿಯ ಹೆದರಿಕೆ ಅವನಿಗೆ ಒಳ್ಳೆಯ ಫುಟೇಜ್ ಅಷ್ಟೇ. ಕ್ಯಾಮೆರಾ ಹಿಡಿದು ದುಡಿಯುವ ನನಗೆ ಅದು ಚುಚ್ಚಿತು. ಮಗಳನ್ನು ಕಳಿಸಿಕೊಡುವಾಗ ಅಳುವ ತಾಯಿಯ ಮುಖಕ್ಕೆ ಕ್ಯಾಮೆರಾ ಹಿಡಿಯುವಾಗೆಲ್ಲ ‘ಸಾಕು, ಇಳಿಸು’ ಅಂತ ಒಂದು ಮಾತು ಒಳಗಿಂದ ಬರಬೇಕು. ಮೈಕಾನಿಗೆ ಅದು ಬರುವುದೇ ಇಲ್ಲ.

ಇಷ್ಟು ಒಳ್ಳೆಯ ಪಾತ್ರವನ್ನು ಕೊನೆಯ ಭಾಗದಲ್ಲಿ ಕಥೆಯ ಅನುಕೂಲಕ್ಕೆ ಎಳೆದಾಡುತ್ತಾರೆ. ಕಣ್ಣಾರೆ ನೋಡಿದ ಮೇಲೂ, ಮೈಮೇಲೆ ಗಾಯ ಕಂಡ ಮೇಲೂ ಅವನು ಬದಲಾಗುವುದು ಬಹಳ ತಡವಾಗಿ. ಅಷ್ಟು ಮೊಂಡುತನ ನಂಬಲು ಕಷ್ಟ.

ಮನೆ ಬಿಟ್ಟು ಯಾಕೆ ಹೋಗುವುದಿಲ್ಲ? ಪ್ರತಿ ದೆವ್ವದ ಸಿನಿಮಾಕ್ಕೂ ಈ ಪ್ರಶ್ನೆ ಇದ್ದದ್ದೇ. ಇದಕ್ಕೆ ಉತ್ತರ ಕೊಡಲು ಶುರುವಿನಲ್ಲೇ ಅತೀಂದ್ರಿಯ ವಿಷಯ ತಿಳಿದ ಒಬ್ಬರನ್ನು ಮನೆಗೆ ಕರೆಸುತ್ತಾರೆ. ಇದು ಸತ್ತವರ ಆತ್ಮ ಅಲ್ಲ, ಮನುಷ್ಯ ಜಾತಿಗೆ ಸೇರದ ಕೆಟ್ಟ ಶಕ್ತಿ, ಮನೆಗೆ ಅಂಟಿದ್ದಲ್ಲ, ಕೇಟಿಗೆ ಅಂಟಿದ್ದು, ಎಲ್ಲಿ ಹೋದರೂ ಬರುತ್ತದೆ ಅಂತ ಅವರು ಕೂತು ವಿವರಿಸುತ್ತಾರೆ. ಕಥೆಯ ಎಲ್ಲ ತೂತುಗಳಿಗೂ ಒಂದೇ ಸಲ ಸಿಮೆಂಟ್ ಮೆತ್ತಿದ ಹಾಗೆ. ಆ ದೃಶ್ಯ ನನಗೆ ಇಷ್ಟವಾಗಲಿಲ್ಲ. ಅದೇ ಮನುಷ್ಯ ಎರಡನೇ ಸಲ ಬರುವ ದೃಶ್ಯ ನೋಡಿ. ಒಳಗೆ ಕಾಲಿಟ್ಟ ಕೂಡಲೇ ಅವರಿಗೆ ತಡೆಯಲಾಗುವುದಿಲ್ಲ, ಹೊರಟುಬಿಡುತ್ತಾರೆ. ಹೆಚ್ಚು ಮಾತಿಲ್ಲ. ಸಹಾಯಕ್ಕೆ ಬಂದವರೇ ಓಡಿದರೆ ಹೇಗಿರಬೇಡ! ಮೊದಲ ದೃಶ್ಯದ ಹತ್ತು ಮಾತಿಗಿಂತ ಇದು ಹೆಚ್ಚು ಹೆದರಿಸಿತು.

ನನ್ನ ಹೆಂಡತಿ ಕೇಳಿದ ಪ್ರಶ್ನೆ ಬೇರೆ. ‘ರೀ, ಇವರ ಮನೆಗೆ ಯಾರೂ ಬರೋದೇ ಇಲ್ವಾ?’ ಒಬ್ಬ ಗೆಳತಿ ಒಂದು ಸಲ ಬಂದು ಹೋಗುತ್ತಾಳೆ, ಅಷ್ಟೇ. ನಮ್ಮ ಕಡೆ ಆಗಿದ್ದರೆ ಎರಡನೇ ದಿನಕ್ಕೆ ಅಮ್ಮ ಬಂದು ಕೂತಿರುತ್ತಿದ್ದರು, ಮೂರನೇ ದಿನಕ್ಕೆ ಬಾಗಿಲಿಗೆ ನಿಂಬೆಹಣ್ಣು, ನಾಲ್ಕನೇ ದಿನಕ್ಕೆ ಪಕ್ಕದ ಮನೆಯವರಿಗೂ ಸುದ್ದಿ. ಆ ಅಮೆರಿಕದ ಬಡಾವಣೆಯಲ್ಲಿ ಎರಡು ಮಹಡಿಯ ದೊಡ್ಡ ಮನೆ, ಅದರಲ್ಲಿ ಇಬ್ಬರೇ. ಸಿನಿಮಾ ಈ ಒಂಟಿತನವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೆಂಡತಿ ಕೇಳಿದ ಮೇಲೆಯೇ ನನಗೂ ಅದು ಕಂಡದ್ದು. ಅವತ್ತಿನಿಂದ ಕೇಟಿಯ ಬಗ್ಗೆ ಮರುಕ ಜಾಸ್ತಿಯಾಗಿದೆ.

ಕೊನೆ ಏನಾಗುತ್ತದೆ ಅಂತ ಹೇಳುವುದಿಲ್ಲ. ಈ ಸಿನಿಮಾಕ್ಕೆ ಒಂದಕ್ಕಿಂತ ಹೆಚ್ಚು ಕೊನೆಗಳಿವೆ. ಥಿಯೇಟರಿಗೆ ಬಂದದ್ದು ಸ್ಟೀವನ್ ಸ್ಪಿಲ್‌ಬರ್ಗ್ ಸಲಹೆಯಂತೆ ಬದಲಿಸಿದ್ದು. ಆ ಕೊನೆಯಲ್ಲಿ ಕೆಳಗಿನಿಂದ ಕಿರುಚು ಕೇಳಿ, ನಾವು ಖಾಲಿ ಕೋಣೆಯನ್ನೇ ನೋಡುತ್ತಾ ಕೂರುವ ಹೊತ್ತು ಇದೆಯಲ್ಲ, ಅದು ಅದ್ಭುತ. ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ, ಆಮೇಲೆ ಮೌನ. ಅಲ್ಲಿಗೆ ನಿಲ್ಲಿಸಬಹುದಿತ್ತು. ಅದರ ಮೇಲೂ ಕಟ್ಟಕಡೆಯ ಕ್ಷಣಕ್ಕೆ ಒಂದು ಮುಖವನ್ನು ಕಂಪ್ಯೂಟರಿನಲ್ಲಿ ತಿದ್ದಿ ವಿಕಾರ ಮಾಡಿ ನಮ್ಮ ಮೇಲೆ ಎರಗಿಸುತ್ತಾರೆ. ಕುರ್ಚಿಯಿಂದ ಹಾರುತ್ತೇವೆ, ನಿಜ. ಆದರೆ ಅಷ್ಟು ಹೊತ್ತು ಏನನ್ನೂ ತೋರಿಸದೆ ಗೆದ್ದವರು ಕೊನೆಗೆ ತೋರಿಸಿ ಸೋತರು ಅಂತ ನನಗೆ ಬೇಜಾರಾಯಿತು. ಹೆಂಡತಿ ಒಪ್ಪುವುದಿಲ್ಲ. ಅವಳಿಗೆ ಆ ಹಾರಿಬಿದ್ದದ್ದೇ ಸಮಾಧಾನ, ಇಲ್ಲದಿದ್ದರೆ ನಿದ್ದೆ ಬರುತ್ತಿರಲಿಲ್ಲ ಅಂದಳು.

ನಮ್ಮ ಕನ್ನಡದಲ್ಲೂ 2013ರಲ್ಲಿ ‘6-5=2’ ಇದೇ ಥರ ಬಂತು. ಕಾಡಿಗೆ ಚಾರಣ ಹೋದವರ ಕ್ಯಾಮೆರಾದಲ್ಲಿ ಸಿಕ್ಕಿದ್ದು ಅನ್ನುವ ರೀತಿ. ಅಲ್ಲಿ ಕಾಡಿನ ಸಹಾಯ ಇದೆ, ಕತ್ತಲಾದರೆ ಸಾಕು, ಮರಗಳೇ ಅರ್ಧ ಕೆಲಸ ಮಾಡುತ್ತವೆ. ಕಾರ್ಪೆಟ್ ಹಾಸಿದ, ಬಣ್ಣ ಬಳಿದ, ಸಾಲ ತೀರಿಸುತ್ತಿರುವ ಹೊಸ ಮನೆಯನ್ನು ಹೆದರಿಕೆಯ ಜಾಗ ಮಾಡುವುದು ಅದಕ್ಕಿಂತ ಕಷ್ಟ.

ನೋಡುವುದಾದರೆ ರಾತ್ರಿ ನೋಡಿ, ದೀಪ ಆರಿಸಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ನಡುವೆ ಮೊಬೈಲ್ ಮುಟ್ಟಬೇಡಿ. ಮೊದಲ ಇಪ್ಪತ್ತು ನಿಮಿಷ ಏನೂ ಆಗುವುದಿಲ್ಲ ಅನ್ನಿಸುತ್ತದೆ, ತಾಳಿ. ಸಣ್ಣ ಮಕ್ಕಳಿಗೆ ಬೇಡ. ಐದಕ್ಕೆ ಅಂಕ ಕೊಡುವುದಾದರೆ ರಾತ್ರಿಯ ದೃಶ್ಯಗಳಿಗೆ ಐದು, ಹಗಲಿಗೆ ಎರಡೂವರೆ.

ಈಗ ಕಾರಣ ಹೇಳುತ್ತೇನೆ. ನಮ್ಮ ಬೀದಿಯ ಮೂವರು ಕಾಲೇಜು ಹುಡುಗರು ಒಂದು ಹೆದರಿಕೆಯ ಕಿರುಚಿತ್ರ ಮಾಡುತ್ತಿದ್ದಾರೆ. ಎರಡು ತಿಂಗಳ ಹಿಂದೆ ಬಂದು ‘ಅಣ್ಣ, ಹೊಗೆ ಬಿಡೋ ಮಷೀನ್ ಬಾಡಿಗೆಗೆ ಎಲ್ಲಿ ಸಿಗುತ್ತೆ?’ ಅಂತ ಕೇಳಿದರು. ಬಿಳಿ ಸೀರೆ, ಕೆಂಪು ಲೈಟು, ಮುಖಕ್ಕೆ ಹಚ್ಚುವ ಮೇಕಪ್, ಎಲ್ಲದರ ಪಟ್ಟಿ ತಂದಿದ್ದರು. ಹದಿನೆಂಟು ಸಾವಿರ ಆಗುತ್ತಿತ್ತು. ಅವರ ಹತ್ತಿರ ಆರು ಸಾವಿರ ಇತ್ತು. ಮೂವರನ್ನೂ ಎಡಿಟಿಂಗ್ ಕೋಣೆಯಲ್ಲಿ ಕೂರಿಸಿ ಈ ಸಿನಿಮಾದ ರಾತ್ರಿಯ ದೃಶ್ಯ ಮಾತ್ರ ತೋರಿಸಿದೆ. ಪಟ್ಟಿಯನ್ನು ಅಲ್ಲೇ ಮರೆತು ಹೋದರು.

ಹೋದ ಭಾನುವಾರ ಮತ್ತೆ ಬಂದರು, ಒಂದು ಶಾಟ್ ತೆಗೆದುಕೊಂಡು. ಒಬ್ಬನ ಅಜ್ಜಿ ಮನೆಯ ಬಚ್ಚಲು. ಹಂಡೆಯ ಒಲೆಯಲ್ಲಿ ಬೆಂಕಿ ಉರಿಯುತ್ತಿದೆ. ಎಡಗಡೆ ಹಿತ್ತಿಲಿಗೆ ಹೋಗುವ ಬಾಗಿಲು, ಅರ್ಧ ತೆರೆದಿದೆ. ಮೊಬೈಲನ್ನು ಸೌದೆಯ ರಾಶಿಗೆ ಒರಗಿಸಿ ಇಟ್ಟಿದ್ದಾರೆ. 52 ಸೆಕೆಂಡ್. ಏನೂ ಆಗುವುದಿಲ್ಲ. ಒಂದು ಸಲ ಬೆಂಕಿ ಒಳಗಡೆಗೆ ಬಾಗುತ್ತದೆ, ಬಾಗಿಲಿನಿಂದ ಯಾರೋ ದಾಟಿ ಬಂದ ಹಾಗೆ. ನಾನು ಮತ್ತೊಮ್ಮೆ ಹಾಕು ಅಂದೆ. ಎರಡನೇ ಸಲವೂ ಬಾಗಿಲನ್ನೇ ನೋಡಿದೆ.

ಧ್ವನಿ ಮಾತ್ರ ಕೆಟ್ಟಿತ್ತು. ಪಕ್ಕದ ಮನೆಯ ಟಿವಿ ಕೇಳುತ್ತಿತ್ತು. ಈ ಭಾನುವಾರ ನನಗೆ ಮದುವೆ ಇಲ್ಲ. ಮೈಕು, ಸ್ಟ್ಯಾಂಡು ತೆಗೆದುಕೊಂಡು ನಾನೂ ಅವರ ಜೊತೆ ಹೋಗುತ್ತಿದ್ದೇನೆ.